ನೀರಿಗೂ ಊರಿನ ದುಡಿಮೆಗೂ ಇರುವ ನಂಟನ್ನು ಮಾನವಶಾಸ್ತ್ರಜ್ಞರು ಹೇಗೆ ಅಧ್ಯಯನ ಮಾಡುತ್ತಾರೆ?

ಊರಲ್ಲೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವಿಡೀ ಉಳಿದು, ನೀರಿನ ಬೆನ್ನು ಹಿಡಿದು ಹೋಗುತ್ತಾರೆ. ಒಂದು ದಿನ ಬಂದು ಫಾರಂ ತುಂಬಿಸಿಕೊಂಡು ಹೋದರೆ ಸಾಲದು, ಯಾಕೆಂದರೆ ನೀರಿನ ಲೆಕ್ಕದಲ್ಲಿ ಜಾಸ್ತಿ ಪಾಲಿಗೆ ರಸೀದಿಯೇ ಇರುವುದಿಲ್ಲ.

ನಮ್ಮ ಕಾಸರಗೋಡಿನ ಕಟ್ಟವನ್ನೇ, ಅಂದರೆ ನೀರು ತಡೆಯುವ ತಾತ್ಕಾಲಿಕ ಒಡ್ಡನ್ನೇ ನೋಡಿ. ಮಳೆಗಾಲ ಮುಗಿದ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ಕಲ್ಲು, ಮಣ್ಣು ಹಾಕಿ ಕಟ್ಟುತ್ತಾರೆ, ಮುಂದಿನ ಮಳೆಗೆ ಅದನ್ನು ಬಿಟ್ಟುಕೊಡಬೇಕು, ಹಾಗಾಗಿ ಪ್ರತಿ ವರ್ಷ ಹೊಸ ಕೆಲಸ, ಹೊಸ ಖರ್ಚು. ನೀರು ನಿಂತರೆ ಸುತ್ತಲಿನ ಬಾವಿಗಳಲ್ಲೂ ಏರುತ್ತದೆ, ಒಂದು ಕಾಸೂ ಕೊಡದವನ ಬಾವಿಯಲ್ಲೂ! ಗುಟ್ಟು ಇರುವುದೇ ಇಲ್ಲಿ. ನೆಲದಡಿಯ ನೀರಿಗೆ ಬೇಲಿ ಹಾಕಲು ಆಗುವುದಿಲ್ಲ, ಆದ್ದರಿಂದ ಖರ್ಚು ಹಂಚಿಕೆಯಾಗುವುದು ನೆರೆಕರೆಯ ಮಾತು, ಮರ್ಯಾದೆ, ಹಳೇ ಜಗಳ ಎಲ್ಲವನ್ನೂ ದಾಟಿಕೊಂಡೇ.

ಹಾಗಾಗಿ ಯಾರು ಆಳು ಕಳಿಸಿದರು, ಯಾರು ಹಣ ಕೊಟ್ಟರು, ಯಾರು ಸುಮ್ನೆ ದಂಡೆಯಲ್ಲಿ ನಿಂತು ನೋಡಿದರು ಎಂದು ಮಾನವಶಾಸ್ತ್ರಜ್ಞರು ಬರೆದುಕೊಳ್ಳುತ್ತಾರೆ. ತಾವೂ ಮಣ್ಣು ಹೊರುವುದುಂಟು. ಕೈ ಕೆಸರಾದವನ ಹತ್ತಿರ ಜನ ಮಾತಾಡುವ ರೀತಿಯೇ ಬೇರೆ ಅಲ್ವಾ? ಬೋರ್‌ವೆಲ್ ಕೊರೆಸಿದ ಮನೆಯವರು ಕಟ್ಟದ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರೆ, ಅವರ ಪಂಪಿನ ಕರೆಂಟ್ ಬಿಲ್ಲಿನ ಪಕ್ಕದಲ್ಲೇ ಆ ಗೈರುಹಾಜರಿಯೂ ನೋಟ್‌ಬುಕ್ಕಿಗೆ ಸೇರುತ್ತದೆ.