ಸಂಬಳವಿಲ್ಲದ ‘ತರಬೇತಿ’ಗೆ ಮಗನನ್ನು ಕಳುಹಿಸಬಹುದೇ?

ಪ್ರಶ್ನೆ: ನಾನು ಗಾರೆ ಕೆಲಸದವನು. ಮಗನಿಗೆ 16 ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಬೆಂಗಳೂರಿನ ಗುತ್ತಿಗೆದಾರರೊಬ್ಬರು ಊಟ, ವಸತಿ ಕೊಟ್ಟು ಎರಡು ವರ್ಷ ತರಬೇತಿ ನೀಡುತ್ತೇವೆ, ಸಂಬಳ ಆಮೇಲೆ ಎನ್ನುತ್ತಿದ್ದಾರೆ. ಕಳುಹಿಸಲೇ?
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ಈ ಷರತ್ತಿನ ಮೇಲೆ ದಯವಿಟ್ಟು ಕಳುಹಿಸಬೇಡಿ. ಮೇಸ್ತ್ರಿಯ ಕೈಕೆಳಗೆ ಕಲಿತದ್ದು ಕಲಿಕೆಯಲ್ಲವೆಂದು ಈ ಮಾತು ಹೇಳುತ್ತಿಲ್ಲ. ಕರಣೆ ಹಿಡಿಯುವ ಹದ, ತೂಗುಗುಂಡು ಬಿಟ್ಟು ಗೋಡೆಯ ನೇರ ನೋಡುವ ಕಣ್ಣು ನಿಮ್ಮಂಥವರ ಜೊತೆ ನಿಂತೇ ಬರಬೇಕು. ಆದರೆ ಎರಡು ವರ್ಷ ಕಾಗದವೂ ಇಲ್ಲದೆ, ಸಂಬಳವೂ ಇಲ್ಲದೆ ಹುಡುಗನನ್ನು ದುಡಿಸಿಕೊಳ್ಳುವುದಕ್ಕೆ ತರಬೇತಿಯೆಂಬ ಹೆಸರು ಸಲ್ಲದು.

1961ರ ಅಪ್ರೆಂಟಿಸ್ (ಕೆಲಸ ಕಲಿಯುವ ತರಬೇತಿದಾರರ) ಕಾಯ್ದೆಯಂತೆ ತರಬೇತಿಗೆ ಲಿಖಿತ ಒಪ್ಪಂದವಿರಬೇಕು, ಅದು ನೋಂದಣಿಯಾಗಬೇಕು. ಅಪ್ರಾಪ್ತನಾದರೆ ಪೋಷಕರಾಗಿ ನೀವೇ ಸಹಿ ಹಾಕಬೇಕು. ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆ, ಕೊಡುವುದು ಕಡ್ಡಾಯ. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ, ಐಟಿಐ ಮುಗಿಸಿದವರಿಗೆ 7,000 ರೂಪಾಯಿ ಎಂದು ಗೊತ್ತುಮಾಡಿದ್ದವು; ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದು. ಒಪ್ಪಂದವೇ ಇಲ್ಲದಿದ್ದರೆ ಸಾರವೆಯಿಂದ ಬಿದ್ದ ಹುಡುಗ ತಮ್ಮವನೇ ಅಲ್ಲವೆಂದು ಅವರು ಕೈತೊಳೆದುಕೊಳ್ಳಬಹುದು, ಆಗ ಅಲೆಯಬೇಕಾದವರು ನೀವು.

ವಯಸ್ಸೂ ಅಡ್ಡಬರುತ್ತದೆ. ಅಪ್ರೆಂಟಿಸ್ ಆಗಲು ಸಾಮಾನ್ಯವಾಗಿ 14 ವರ್ಷ ಸಾಕಾದರೂ ಅಪಾಯಕಾರಿ ಉದ್ಯಮಗಳ ವೃತ್ತಿಗಳಿಗೆ 18 ತುಂಬಿರಬೇಕು. ಆದ್ದರಿಂದ ಈಗ ಹತ್ತಿರದ ಸರ್ಕಾರಿ ಐಟಿಐಗೆ ಸೇರಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಪ್ಲಂಬರ್ ಕೋರ್ಸ್ ಒಂದು ವರ್ಷದ್ದು. ಎಲೆಕ್ಟ್ರಿಷಿಯನ್, ಸರ್ವೇಯರ್, ಕಟ್ಟಡದ ನಕ್ಷೆ ಬರೆಯುವ ಸಿವಿಲ್ ಡ್ರಾಫ್ಟ್ಸ್‌ಮನ್ ಎರಡು ವರ್ಷದವು. ಗಣಿತ ಚೆನ್ನಾಗಿದ್ದರೆ ಕೊನೆಯ ಎರಡರಲ್ಲೊಂದನ್ನು ಆರಿಸಲಿ, ಏಕೆಂದರೆ ನಕ್ಷೆ ಓದಬಲ್ಲವನು ಸೈಟಿನಲ್ಲಿ ಮೇಲ್ವಿಚಾರಕನ ಹಂತಕ್ಕೆ ಏರುವುದು ಸುಲಭ. ಗಾರೆ ಕೆಲಸವನ್ನಂತೂ ರಜೆಯಲ್ಲಿ ಮನೆಯ ಹಿತ್ತಲಲ್ಲೇ ನೀವು ಕಲಿಸಬಲ್ಲಿರಿ.

ಎರಡು ವರ್ಷದ ಕೋರ್ಸ್ ಮುಗಿಯುವ ಹೊತ್ತಿಗೆ 18 ತುಂಬಿರುತ್ತದೆ. ಆಗ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಅರ್ಜಿ ಹಾಕಬಹುದು. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಆ ಅವಧಿಯ ಸ್ಟೈಪೆಂಡ್ ಕೈಯಾಳಿನ ದಿನಗೂಲಿಗಿಂತ ಕಡಿಮೆಯೆನಿಸುತ್ತದೆ, ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಕಂಪನಿಗಿಲ್ಲ; ಇವೆರಡನ್ನೂ ತಿಳಿದೇ ಹೆಜ್ಜೆಯಿಡಿ. ಐಟಿಐಗೆ ಸೇರಿಸುವ ಮುನ್ನ, ಹಿಂದಿನ ತಂಡದವರನ್ನು ಯಾವ ಕಂಪನಿಗಳು ಕರೆದುಕೊಂಡವು ಎಂದು ಪ್ರಾಂಶುಪಾಲರನ್ನೇ ಕೇಳಿ.