ಮೋಡ ಕವಿದ ದಿನವೂ ಚರ್ಮ ಸುಟ್ಟಿದ್ದು ಯಾಕೆ?

ಆಗಸ್ಟ್ ಶುರುವಿನಲ್ಲಿ ಗೋಳಗುಮ್ಮಟ ನೋಡಲು ಬಂದಿದ್ದಿರಿ, ಮೋಡ ಇತ್ತು, ತಂಪು ಗಾಳಿಯೂ ಇತ್ತು, ಆದರೂ ಮರುದಿನ ಕತ್ತು ಕೈ ಉರಿದು ಆಮೇಲೆ ಸಿಪ್ಪೆ ಎದ್ದಿತು, ಅದೂ ಕಪ್ಪು ಮೈಬಣ್ಣದ ನನಗೆ ಹೇಗೆ ಅಂತ ಕೇಳಿದ್ದೀರಿ.

ನಾನು ವಿಜಯಪುರದವನೇ. ನನಗೂ ಹೀಗೇ ಆಗಿತ್ತು. ಒಂದು ಆಗಸ್ಟ್‌ನಲ್ಲಿ ಬೈಕ್ ಮೇಲೆ ಬಾಗಲಕೋಟೆಗೆ ಹೋಗಿ ಬಂದೆ. ಬಿಸಿಲೇ ಇಲ್ಲವಲ್ಲ ಅಂತ ಅಂಗಿ ತೋಳು ಮಡಚಿದ್ದೆ. ರಾತ್ರಿ ಬಿಸಿನೀರು ಹಾಕಿಕೊಂಡರೆ ಮುಂಗೈಗೆ ಖಾರ ಸವರಿದ ಹಾಗಾಯಿತು. ವಾಚಿನ ಪಟ್ಟಿ ಇದ್ದ ಜಾಗ ಮಾತ್ರ ಆರಾಮ. ನಾಲ್ಕನೇ ದಿನ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ತೆಳುವಾದ ಪೊರೆ ಎದ್ದಿತು.

ನಾವು ಬಿಸಿಲನ್ನು ಝಳದಿಂದ ಅಳೆಯುತ್ತೇವೆ, ಅಲ್ಲೇ ಎಡವುತ್ತೇವೆ. ಚರ್ಮ ಸುಡುವುದು ಕಣ್ಣಿಗೆ ಕಾಣದ, ಬಿಸಿಯೂ ಅನಿಸದ ಯುವಿ, ಅಂದರೆ ಬಿಸಿಲಲ್ಲಿರುವ ಅತಿನೇರಳೆ ಕಿರಣದಿಂದ. ತೆಳು ಮೋಡ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಇನ್ನೊಂದು ವಿಷಯ ನಮ್ಮೂರವರಿಗೇ ಜಾಸ್ತಿ ಗೊತ್ತಿಲ್ಲ. ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ 2 ಸಲ: ಮೇ 7ರ ಆಸುಪಾಸು ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ, ಯುವಿಯೂ ನೇರವಾಗಿ, ಜೋರಾಗಿ ಬೀಳುತ್ತದೆ. ಮೇನಲ್ಲಿ ಎಲ್ಲರೂ ತಲೆಗೆ ಟವೆಲ್ ಸುತ್ತುತ್ತೇವೆ. ಆಗಸ್ಟ್‌ನಲ್ಲಿ ಯಾರು ಸುತ್ತುತ್ತಾರೆ?

ಒಳಗೆ ಆಗುವುದು ಇಷ್ಟು. ಯುವಿಯಲ್ಲೇ ಒಂದು ಬಗೆಯಾದ ಯುವಿ-ಬಿ ಕಿರಣ ಚರ್ಮದ ಮೇಲ್ಪದರದ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಆ ಜಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತದೆ, ಅದೇ ಕೆಂಪು, ಅದೇ ಉರಿ. ಇದು ಕಾಣಲು 3ರಿಂದ 6 ಗಂಟೆ ಬೇಕು, ಜೋರಾಗುವುದು 12ರಿಂದ 24 ಗಂಟೆಗೆ. ಬಿಸಿಲಲ್ಲಿದ್ದಾಗ ನಿಮಗೆ ಸುಳಿವು ಸಿಗದಿದ್ದುದು ಅದಕ್ಕೇ. ರಿಪೇರಿಯಾಗದ ಕೋಶಗಳು ತಾವಾಗಿಯೇ ಸಾಯುತ್ತವೆ, ಸಿಪ್ಪೆಯಾಗಿ ಉದುರುತ್ತವೆ. ಪೆಟ್ಟು ತಿಂದೂ ಉಳಿದುಕೊಂಡವುಗಳಿಂದಲೇ ಮುಂದೆ ಚರ್ಮದ ಕ್ಯಾನ್ಸರ್‌ನ ಭಯ. ಇನ್ನೊಂದು ಬಗೆಯಾದ ಯುವಿ-ಎ ಇನ್ನೂ ಆಳಕ್ಕೆ ಇಳಿದು, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನನ್ನು ಹಾಳುಮಾಡುತ್ತದೆ. ಸುಕ್ಕು ಬರುವುದು ಹಾಗೆ. ಅದು ಕಿಟಕಿ ಗಾಜನ್ನೂ ದಾಟುತ್ತದೆ.

ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ನಮಗೆ ಕೊಡೆ ಹಿಡಿಯುತ್ತದೆ, ನಿಜ. ಆದರೆ ಸೋರುವ ಕೊಡೆ. ನಮ್ಮಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಮುಟ್ಟಿದರೆ ಬಿಸಿ, ನೋವು.

ಈಗ ತಣ್ಣೀರಿನ ಬಟ್ಟೆ ಇಡಿ, ನೀರು ಚೆನ್ನಾಗಿ ಕುಡಿಯಿರಿ, ಸಿಪ್ಪೆ ಕೀಳಬೇಡಿ. ನಮ್ಮ ಪಕ್ಕದ ಮನೆಯವರು ಲಿಂಬೆ ತಿಕ್ಕಿಕೋ ಎಂದಿದ್ದರು. ದಯವಿಟ್ಟು ಬೇಡ. ಲಿಂಬೆ ರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆಯೇ ಏಳಬಹುದು. ಬೊಬ್ಬೆ ಜೊತೆ ಜ್ವರ, ಚಳಿ ಬಂದರೆ ಸುಮ್ನೆ ಕೂರದೆ ಡಾಕ್ಟರ್ ಹತ್ತಿರ ಹೋಗಿ.