ಮನೆ ನೋಡುವ ಮೊದಲು ಬೀದಿ ನೋಡಿ

ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬರಲಿರುವ ನೀವು ಕೇಳಿರುವುದು ಎರಡು ಸಂಗತಿ: ಕಾರು ಓಡಿಸಲು ಬಾರದ ನಿಮ್ಮ ಪತ್ನಿ ಹಗಲೆಲ್ಲ ಮನೆಯೊಳಗೇ ಕೂರಬೇಕಾಗುತ್ತದೆಯೇ, ಮತ್ತು ಗಾಂಧಿ ಬಜಾರಿನಂತೆ ನಡೆದು ಹೋಗಿಬರುವ ಅಂಗಡಿ ಬೀದಿ ಇಲ್ಲಿ ಇದೆಯೇ. ಹದಿನೇಳು ವರ್ಷಗಳಿಂದ ಪಕ್ಕದ ಮೌಂಟನ್ ವ್ಯೂನಲ್ಲಿ ನೆಲೆಸಿರುವ ನನ್ನ ಉತ್ತರ ಇಷ್ಟು: ಅಂಥ ಬೀದಿಗಳು ಇವೆ, ಆದರೆ ಬೆರಳೆಣಿಕೆಯಷ್ಟು, ಅವುಗಳ ಹತ್ತಿರವೇ ಮನೆ ಹಿಡಿಯದಿದ್ದರೆ ಅವು ಇದ್ದೂ ಇಲ್ಲದಂತೆ.

ನಮ್ಮಲ್ಲಿ ಮನೆಯ ಕೆಳಗೇ ಅಂಗಡಿ ಹುಟ್ಟಿಕೊಳ್ಳುತ್ತದೆ. ಇಲ್ಲಿ ವಾಸದ ಬಡಾವಣೆ ಬೇರೆ, ವ್ಯಾಪಾರದ ಜಾಗ ಬೇರೆ ಎಂದು ನಗರಾಡಳಿತದ ನಿಯಮಗಳೇ ದಶಕಗಳ ಕಾಲ ಗೆರೆ ಎಳೆದಿದ್ದವು. ಪ್ರತಿ ಅಂಗಡಿಯೂ ಇಷ್ಟು ಕಾರುಗಳಿಗೆ ಜಾಗ ಬಿಡಲೇಬೇಕೆಂಬ ಕಟ್ಟಳೆಯೂ ಇದ್ದುದರಿಂದ, ಎಲ್ ಕಮಿನೊ ರಿಯಲ್ ಎಂಬ ಆರು ಪಥದ ರಸ್ತೆಯ ಉದ್ದಕ್ಕೂ ಅಂಗಡಿಗಳು ತಮ್ಮ ತಮ್ಮ ಪಾರ್ಕಿಂಗ್ ಬಯಲಿನ ಹಿಂದೆ ಅಡಗಿ ಕುಳಿತಿವೆ. ಬಾಡಿಗೆ ಜಾಹೀರಾತಿನಲ್ಲಿ ‘ದಿನಸಿ ಅಂಗಡಿಗೆ ಅರ್ಧ ಮೈಲಿ’ ಎಂದಿದ್ದರೆ ಅದನ್ನು ಹಾಗೆಯೇ ನಂಬಬೇಡಿ. ಆ ಅರ್ಧ ಮೈಲಿಯಲ್ಲಿ ಸಿಗ್ನಲ್ ಕಂಬದ ಗುಂಡಿ ಒತ್ತಿ, ಬಿಸಿಲಿನಲ್ಲಿ ಕಾದು, ನಡೆಯುವ ಮನುಷ್ಯನ ಬಿಳಿ ಚಿತ್ರ ಮೂಡಿದ ಕೂಡಲೇ ಹೊರಟರೂ ನಡುರಸ್ತೆ ತಲುಪುವಷ್ಟರಲ್ಲಿ ಕೆಂಪು ಅಂಕಿಗಳ ಎಣಿಕೆ ಇಳಿಯತೊಡಗುತ್ತದೆ. ಮೊಣಕಾಲು ನೋವಿರುವ ನನ್ನ ತಾಯಿ ಆರು ತಿಂಗಳಿಗೆಂದು ಬಂದಾಗ ಒಮ್ಮೆ ದಾಟಿದವರು ಮತ್ತೆ ಆ ಕಡೆಗೆ ಹೋಗಲೊಪ್ಪಲಿಲ್ಲ.

ಆದರೆ ಅದೇ ತಾಯಿ ನಮ್ಮ ಮೌಂಟನ್ ವ್ಯೂನ ಕ್ಯಾಸ್ಟ್ರೊ ಸ್ಟ್ರೀಟ್‌ಗೆ ದಿನವೂ ಒಬ್ಬರೇ ಹೋಗಿಬರುತ್ತಿದ್ದರು. ಆ ಬೀದಿ ತಾನಾಗಿ ಹಾಗಾದದ್ದಲ್ಲ. 1980ರ ದಶಕದ ಕೊನೆಯಲ್ಲಿ ನಗರಾಡಳಿತವು ಅದರ ನಾಲ್ಕು ಪಥಗಳನ್ನು ಮೂರಕ್ಕೆ ಇಳಿಸಿ, ಉಳಿದ ಅಂಚಿನ ಪಟ್ಟಿಯನ್ನು ಕಾರು ನಿಲ್ಲಿಸಲೂ ಆಗುವಂತೆ, ಹೋಟೆಲಿನವರು ಮೇಜು ಕುರ್ಚಿ ಹಾಕಲೂ ಆಗುವಂತೆ ರೂಪಿಸಿತು. ಒಂದೇ ಜಾಗಕ್ಕೆ ಎರಡು ಉಪಯೋಗವಿಟ್ಟ ಈ ಉಪಾಯವೇ ಇಡೀ ಬದಲಾವಣೆಯಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುತ್ತದೆ. ನಗರದ ರಂಗಮಂದಿರವೂ 1991ರಲ್ಲಿ ಅದೇ ಬೀದಿಯಲ್ಲಿ ತೆರೆಯಿತು. ಬೀದಿಯ ತುದಿಯಲ್ಲಿಯೇ ಕ್ಯಾಲ್‌ಟ್ರೇನ್ ಎಂಬ ಸ್ಥಳೀಯ ರೈಲಿನ ನಿಲ್ದಾಣವಿದೆ, ಅಲ್ಲಿ ಭಾನುವಾರ ರೈತರ ಸಂತೆ ಸೇರುತ್ತದೆ. 2020ರ ಜೂನ್‌ನಲ್ಲಿ, ಕೊರೊನಾ ಕಾಲದ ತಾತ್ಕಾಲಿಕ ಏರ್ಪಾಡಾಗಿ, ನಿಲ್ದಾಣದ ಕಡೆಯ ಕೆಲವು ಬ್ಲಾಕ್‌ಗಳಲ್ಲಿ ವಾಹನ ಸಂಚಾರ ನಿಲ್ಲಿಸಿದರು. ಆಮೇಲೆ ಅದನ್ನೇ ಕಾಯಂ ಮಾಡಿದರು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿಯೂ ಅದೇ ವರ್ಷದ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಷೇಧಿಸಿದ್ದು ನಿಮಗೆ ನೆನಪಿರಬಹುದು.

ಸನ್ನಿವೇಲ್‌ನ ಕಥೆ ಸ್ವಲ್ಪ ನೋವಿನದು. ಅಲ್ಲಿ ಹಳೆಯ ಪೇಟೆಯ ಬಹುಭಾಗವನ್ನು ಕೆಡವಿ 1979ರಲ್ಲಿ ಮಾಲ್ ತೆರೆದರು. ಮರ್ಫಿ ಅವೆನ್ಯೂದ ಒಂದೇ ಒಂದು ಬ್ಲಾಕ್ ಉಳಿಯಿತು. ಮುಂದೆ ಆ ಮಾಲನ್ನೇ ಕೆಡವಿ, ಹಿಂದಿನಂತೆ ಬೀದಿಗಳನ್ನು ಬಿಡಿಸಿ, ಮನೆ ಅಂಗಡಿ ಕಚೇರಿಗಳನ್ನು ಒಟ್ಟಿಗೆ ಕಟ್ಟಲು ಹೊರಟರು. ಆ ಕೆಲಸ ವರ್ಷಗಟ್ಟಲೆ ಅರ್ಧಕ್ಕೆ ನಿಂತು ಕಬ್ಬಿಣದ ಅಸ್ಥಿಪಂಜರವೊಂದು ಊರ ಮಧ್ಯೆ ನಿಂತಿದ್ದನ್ನು ನಾನೇ ರೈಲಿನಿಂದ ನೋಡುತ್ತಿದ್ದೆ. ಈಗ ದೊಡ್ಡ ದಿನಸಿ ಅಂಗಡಿ, ಸಿನಿಮಾ ಮಂದಿರ ಎಲ್ಲವೂ ಅಲ್ಲಿ ನಡಿಗೆಯ ದೂರದಲ್ಲಿವೆ. ನಿಮ್ಮ ಕಚೇರಿ ಸನ್ನಿವೇಲ್‌ನಲ್ಲಿಯೇ ಇರುವುದರಿಂದ ಮರ್ಫಿಯ ಸುತ್ತಮುತ್ತಲೇ ಮೊದಲು ಹುಡುಕಿ.

ಕಾನೂನುಗಳೂ ಸ್ವಲ್ಪ ಸಡಿಲವಾಗಿವೆ. 2023ರ ಜನವರಿಯಿಂದ, ಪ್ರಮುಖ ರೈಲು ಬಸ್ಸು ನಿಲ್ದಾಣಗಳ ಅರ್ಧ ಮೈಲಿಯೊಳಗೆ ಹೊಸ ಕಟ್ಟಡಗಳಿಗೆ ಇಂತಿಷ್ಟು ಪಾರ್ಕಿಂಗ್ ಇರಲೇಬೇಕೆಂದು ಕ್ಯಾಲಿಫೋರ್ನಿಯಾದ ನಗರಗಳು ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲ. ಅದೇ ತಿಂಗಳಿನಿಂದ, ತಕ್ಷಣದ ಅಪಾಯವಿಲ್ಲದಿದ್ದರೆ, ಸಿಗ್ನಲ್ ಇಲ್ಲದೆಡೆ ರಸ್ತೆ ದಾಟಿದವರಿಗೆ ಪೊಲೀಸರು ದಂಡ ಹಾಕುವಂತಿಲ್ಲ.

ಒಂದು ಮಾತನ್ನು ಮುಚ್ಚಿಡಲಾರೆ. ಈ ಬೀದಿಗಳು ಮುಖ್ಯವಾಗಿ ತಿನ್ನುವ ಬೀದಿಗಳು. ಬಾಡಿಗೆ ಏರಿದಂತೆ ದರ್ಜಿ, ಚಪ್ಪಲಿ ಹೊಲಿಯುವವನು, ಮೊಳೆ ಹಗ್ಗ ಮಾರುವವನು ಅಲ್ಲಿ ನಿಲ್ಲುವುದು ಕಷ್ಟ. ತೊಗರಿಬೇಳೆ, ಕರಿಬೇವಿಗೆ ನೀವು ಮತ್ತೆ ಎಲ್ ಕಮಿನೊಗೇ ಹೋಗಬೇಕು. ಅದರ ಉದ್ದಕ್ಕೂ 22 ಮತ್ತು 522ನೆಯ ಬಸ್ಸುಗಳಿವೆ, ನಿಮ್ಮ ಪತ್ನಿ ಅವುಗಳನ್ನು ರೂಢಿಸಿಕೊಂಡರೆ ಕಾರು ಕಲಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ರೈಲಾದ ಮೇಲೆ ವಾರಾಂತ್ಯದಲ್ಲಿಯೂ ಅರ್ಧ ಗಂಟೆಗೊಂದರಂತೆ ಓಡುತ್ತಿದೆ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು, ಒಂದು ಸಂಜೆ ಇಬ್ಬರೂ ಆ ಮನೆಯ ಬಾಗಿಲಿನಿಂದ ಹೊರಟು ಹಾಲು ಕೊಂಡು ನಡೆದೇ ಹಿಂತಿರುಗಿ ನೋಡಿ. ದಾರಿಯಲ್ಲಿ ಎಷ್ಟು ಗುಂಡಿ ಒತ್ತಬೇಕಾಯಿತು ಎಂಬುದನ್ನು ನಿಮ್ಮ ಪತ್ನಿ ಎಣಿಸಲಿ, ಮನೆಯನ್ನು ಅವರೇ ಆರಿಸಲಿ.